ಚಳಿಗಾಲದಲ್ಲಿ ಇಂಜಿನ್ ಆಯಿಲ್‌ಗೆ ಏನು ಸೇರಿದೆ? ಹೆಡ್ ಬಿಚ್ಚುವ ಮುಂಚೆ ಮನೆಯಲ್ಲೇ ಪತ್ತೆ ಮಾಡಿ

ಡಿಸೆಂಬರ್ ಬಂತೆಂದರೆ ಈ ಗಾಬರಿ ಶುರು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಡೆ ಹಾಲು ಕಾಫಿ ಬಣ್ಣದ ಲೋಳೆ ಮೆತ್ತಿಕೊಂಡಿರುತ್ತದೆ. ಫೋಟೊ ತೆಗೆದು ಗೆಳೆಯರಿಗೆ ಕಳಿಸಿದರೆ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅಂತ ಉತ್ತರ ಬರುತ್ತದೆ. ಗ್ಯಾರೇಜಿಗೆ ಹೋದರೆ "ಹೆಡ್ ಬಿಚ್ಬೇಕು ಸಾರ್" ಅಂತಾರೆ. ಅಲ್ಲಿಂದ ಮುಂದೆ ಖರ್ಚು ಸಾವಿರಗಳಲ್ಲಿ.

ಇಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವೆ ಆಯಿಲ್, ಕೂಲೆಂಟ್ ಬೆರೆಯದಂತೆ ತಡೆಯುವ ಪದರವೇ ಈ ಗ್ಯಾಸ್ಕೆಟ್. ಅದು ನಿಜವಾಗಿಯೂ ಹೋಗಿರಬಹುದು. ಆದರೆ ಚಳಿಗಾಲದಲ್ಲಿ ಮುಚ್ಚಳದ ಲೋಳೆ ಒಂದನ್ನೇ ನೋಡಿ ಹಾಗೆ ಹೇಳಲು ಆಗುವುದಿಲ್ಲ. ನೋಡಬೇಕಾದ್ದು ಎರಡು ಮಟ್ಟಗಳನ್ನು: ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್, ಡಬ್ಬದಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ). ಒಂದು ವಾರದಲ್ಲಿ ಇವು ಏರಿದವೋ, ಇಳಿದವೋ, ಇದ್ದಲ್ಲೇ ಇವೆಯೋ ಅನ್ನುವುದು ಗೊತ್ತಾದರೆ ಮುಕ್ಕಾಲು ಪಾಲು ಉತ್ತರ ಸಿಕ್ಕ ಹಾಗೆ. ಉಳಿದ ಪರೀಕ್ಷೆಗಳೆಲ್ಲ ಅದನ್ನು ಖಾತ್ರಿ ಮಾಡಿಕೊಳ್ಳಲು.

ಚಳಿಯಲ್ಲೇ ಯಾಕೆ?

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಮ್ಮಿ ಒಂದು ಲೀಟರ್‌ನಷ್ಟೇ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಇರುವ ಜಾಗಕ್ಕೆ ಸೇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಆ ಆವಿಯನ್ನು ಪಿಸಿವಿ ವಾಲ್ವ್ ಎಳೆದು ಮತ್ತೆ ಇನ್‌ಟೇಕ್‌ಗೆ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಕಳಿಸುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಇಂಜಿನ್ ತಣ್ಣಗಿದ್ದರೆ ಆವಿ ಒಳಗೋಡೆಗಳ ಮೇಲೆ ನೀರಾಗಿ ಕೂರುತ್ತದೆ, ಆಯಿಲ್ ಜೊತೆ ಕಲೆತು ಲೋಳೆಯಾಗುತ್ತದೆ. ಮೊದಲು ಕಾಣುವುದು ಮುಚ್ಚಳದಲ್ಲಿ. ಯಾಕೆಂದರೆ ಮೇಲೆ, ಗಾಳಿಗೆ ಒಡ್ಡಿಕೊಂಡಿರುವ ತಣ್ಣನೆಯ ಜಾಗ ಅದೇ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಟೆಂಪರೇಚರ್ ಮುಳ್ಳು ನಡುವಿಗೆ ಬಂತು ಅಂದರೆ ಕೂಲೆಂಟ್ ಬಿಸಿಯಾಗಿದೆ ಅಂತ ಅಷ್ಟೇ ಅರ್ಥ. ಆಯಿಲ್ ಅಷ್ಟು ಬಿಸಿಯಾಗಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕು, ಕೊರೆಯುವ ಚಳಿಯಲ್ಲಿ ಅದಕ್ಕಿಂತ ಜಾಸ್ತಿ. ಆಯಿಲ್ 90–100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದು ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಮಾತ್ರ ನೀರು ಪೂರ್ತಿ ಹೊರಗೆ ಹೋಗುತ್ತದೆ. ಮನೆಯಿಂದ ಮೆಟ್ರೊ ಸ್ಟೇಷನ್‌ಗೆ ಹೋಗಿ ನಿಲ್ಲಿಸುವ ಕಾರಿನಲ್ಲಿ ಇದು ಆಗುವುದೇ ಇಲ್ಲ. ಹಾಗಾಗಿ ಟೊರಾಂಟೊದ ಮೈನಸ್ ಚಳಿಯೇ ಬೇಕೆಂದಿಲ್ಲ, ಬೆಂಗಳೂರಿನ 15 ಡಿಗ್ರಿಯ ಬೆಳಗ್ಗೆ ಸಾಕು. ಮಡಿಕೇರಿ, ಚಿಕ್ಕಮಗಳೂರಿನ ಕಡೆ ಮಂಜಿನಲ್ಲಿ ಹೊರಗೆ ನಿಲ್ಲುವ ಕಾರುಗಳಲ್ಲಂತೂ ಇದು ಮಾಮೂಲಿ.

ಮೊದಲ ದಿನ: ಸ್ಟಾರ್ಟ್ ಮಾಡುವ ಮುಂಚೆ

ಬೆಳಗ್ಗೆ, ರಾತ್ರಿಯಿಡೀ ನಿಂತ ಕಾರು, ಸಮತಟ್ಟಾದ ನೆಲ. ಕೀ ಮುಟ್ಟಬೇಡಿ. ಬೇಕಾದ್ದು ಟಾರ್ಚ್, ಬಿಳಿ ಟಿಶ್ಯೂ, ಒಂದು ಮಾರ್ಕರ್ ಪೆನ್, ಫೋನ್. ಅಷ್ಟೇ.

ಮುಚ್ಚಳ ತೆಗೆಯಿರಿ. ಲೋಳೆ ಇದ್ದರೆ ಫೋಟೊ ತೆಗೆದು ಚೆನ್ನಾಗಿ ಒರೆಸಿಬಿಡಿ. ಟಾರ್ಚ್ ಹಾಕಿ ಒಳಗೆ ನೋಡಿ. ಕ್ಯಾಮ್‌ಶಾಫ್ಟ್ ಅಥವಾ ಚೈನ್ ಕಾಣುವ ಇಂಜಿನ್ ಆದರೆ ಅದರ ಮೇಲಿರುವ ಆಯಿಲ್ ಯಾವ ಬಣ್ಣದಲ್ಲಿದೆ? ಮುಚ್ಚಳದಲ್ಲಿ ಮಾತ್ರ ಲೋಳೆಯಿದ್ದು ಒಳಗಿನ ಲೋಹದ ಮೇಲೆ ಕಂದು ಆಯಿಲ್ ಹೊಳೆಯುತ್ತಿದ್ದರೆ ಒಳ್ಳೆಯ ಲಕ್ಷಣ. ಒಳಗೆಲ್ಲ ಕಡೆ ಅದೇ ಲೋಳೆ ಬಳಿದುಕೊಂಡಿದ್ದರೆ ಸ್ವಲ್ಪ ಹುಷಾರು.

ಈಗ ಡಿಪ್‌ಸ್ಟಿಕ್. ಇಲ್ಲಿ ಅವಸರ ಬೇಡ. ಎಳೆದು ಹಾಗೇ ಅಡ್ಡ ಹಿಡಿದು ಉದ್ದಕ್ಕೂ ನೋಡಿ. ಕಡ್ಡಿಯ ಮೇಲ್ಭಾಗ, ಅಂದರೆ ಆಯಿಲ್ ಮುಟ್ಟದ ಭಾಗದಲ್ಲಿ ಬೆಳ್ಳಗೆ ಮೆತ್ತಿರಬಹುದು. ಅದು ಕಡ್ಡಿಯ ಕೊಳವೆಯೊಳಗೆ ಆವಿ ತಣ್ಣಗಾಗಿ ಕೂತಿದ್ದು, ಮುಚ್ಚಳದ ಲೋಳೆಯ ತಮ್ಮ. ಮುಖ್ಯವಾದ್ದು ಕೆಳತುದಿ, ಮಿನ್ ಮತ್ತು ಮ್ಯಾಕ್ಸ್ ಗುರುತುಗಳ ನಡುವಿನ ಜಾಗ. ಅಲ್ಲಿಯ ಆಯಿಲ್ ತಿಳಿಯಾಗಿ, ಕಂದಾಗಿ ಅಥವಾ ಕಪ್ಪಾಗಿ ಇದ್ದರೆ ಉಸಿರು ಬಿಡಿ. ಅಲ್ಲೂ ಮಬ್ಬಾಗಿ ಹಾಲು ಬೆರೆತ ಹಾಗೆ ಇದ್ದರೆ ಇಂಜಿನ್ ಸ್ಟಾರ್ಟ್ ಮಾಡಬೇಡಿ, ಸೀದಾ ಈ ಬರಹದ ಕೂಲೆಂಟ್ ಭಾಗಕ್ಕೆ ಹೋಗಿ.

ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ, ತೆಗೆದು ಮಟ್ಟ ನೋಡಿ. ಕಡ್ಡಿಯ ಎರಡು ಬದಿಯಲ್ಲಿ ಮಟ್ಟ ಬೇರೆ ಬೇರೆ ಕಂಡರೆ ಕಡಿಮೆ ತೋರಿಸುವ ಬದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಫೋಟೊ ತೆಗೆಯಿರಿ. ಆಮೇಲೆ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ಮೂಸಿ ನೋಡಿ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆಯೇ? ಬೆರಳ ನಡುವೆ ತಿಕ್ಕಿ ನೋಡಿದರೆ ಆಯಿಲ್ ಜಿಗುಟು ಕಳೆದುಕೊಂಡು ನೀರಾಗಿದೆಯೇ?

ಕೊನೆಗೆ ಕೂಲೆಂಟ್ ಡಬ್ಬ. ಮುಚ್ಚಳ ತೆಗೆಯಬೇಕಿಲ್ಲ, ಹೊರಗಿನಿಂದಲೇ ಮಟ್ಟ ಕಾಣುತ್ತದೆ. ಮಾರ್ಕರ್‌ನಲ್ಲಿ ಗೀಟು ಎಳೆದು ದಿನಾಂಕ ಬರೆಯಿರಿ. ಇದನ್ನು ಯಾವಾಗಲೂ ತಣ್ಣಗಿದ್ದಾಗಲೇ ನೋಡಬೇಕು. ಬಿಸಿಯಾದಾಗ ಕೂಲೆಂಟ್ ಹಿಗ್ಗಿ ಮಟ್ಟ ಏರುತ್ತದೆ, ಲೆಕ್ಕ ತಪ್ಪುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಕಮ್ಮಿಯಿಲ್ಲ, ಅದು ನೆನಪಿರಲಿ.

ಒಂದು ವಾರದ ನಂತರ

ಅದೇ ಜಾಗ, ಅದೇ ಹೊತ್ತು, ಅದೇ ಎರಡು ಮಟ್ಟ. ಈಗ ಓದುವುದು ಸುಲಭ.

ಎರಡೂ ಇದ್ದಲ್ಲೇ ಇವೆ, ಮುಚ್ಚಳದಲ್ಲಿ ಮಾತ್ರ ಲೋಳೆ: ಬರೀ ಆವಿಯ ನೀರು.
ಆಯಿಲ್ ಏರಿದೆ, ಕೂಲೆಂಟ್ ಹಾಗೇ ಇದೆ: ಪೆಟ್ರೋಲ್ ಅಥವಾ ಡೀಸೆಲ್ ಸೇರುತ್ತಿದೆ.
ಕೂಲೆಂಟ್ ಇಳಿದಿದೆ, ಆಯಿಲ್ ಏರಿದೆ ಅಥವಾ ಮಬ್ಬಾಗಿದೆ: ಕೂಲೆಂಟ್ ಆಯಿಲ್‌ಗೆ ಹೋಗುತ್ತಿದೆ.
ಕೂಲೆಂಟ್ ಇಳಿದಿದೆ, ಆಯಿಲ್ ಚೆನ್ನಾಗಿದೆ: ಹೊರಗೆಲ್ಲೋ ಸೋರುತ್ತಿದೆ, ಇಲ್ಲವೇ ಸಿಲಿಂಡರ್ ಒಳಗೆ ಹೋಗಿ ಆವಿಯಾಗುತ್ತಿದೆ.

ಇಂಜಿನ್ ಆಯಿಲ್ ತಾನಾಗೇ ಯಾವತ್ತೂ ಜಾಸ್ತಿಯಾಗುವುದಿಲ್ಲ. ಬಹಳ ಕಾರುಗಳಲ್ಲಿ ಮಿನ್‌ನಿಂದ ಮ್ಯಾಕ್ಸ್‌ಗೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಹಾಗಾಗಿ ಕಡ್ಡಿಯ ಮೇಲೆ ಚಿಕ್ಕದಾಗಿ ಕಾಣುವ ಏರಿಕೆಯೂ ಒಂದು ದೊಡ್ಡ ಲೋಟದಷ್ಟು ಇರಬಹುದು. "ನನ್ನ ಕಾರು ಚಳಿಗಾಲದಲ್ಲಿ ಒಂದು ಹನಿ ಆಯಿಲ್ ಕುಡಿಯಲ್ಲ" ಅಂತ ಹೆಮ್ಮೆ ಪಡುವವರೂ ಒಮ್ಮೆ ಮೂಸಿ ನೋಡಿದರೆ ಒಳ್ಳೆಯದು. ಉರಿದು ಹೋದ ಆಯಿಲ್‌ನ ಜಾಗವನ್ನು ಪೆಟ್ರೋಲ್ ತುಂಬುತ್ತಿರಲೂಬಹುದು.

ಬರೀ ನೀರು ಅನ್ನಿಸಿದರೆ

ಡಿಪ್‌ಸ್ಟಿಕ್ ಕೆಳತುದಿ ಶುದ್ಧವಾಗಿದ್ದು ಕೂಲೆಂಟ್ ಗೀಟು ಬಿಟ್ಟು ಕದಲದೆ ಇದ್ದರೆ ಮಾತ್ರ ಈ ಪರೀಕ್ಷೆ. ಮುಚ್ಚಳ ಒರೆಸಿ, ಹೈವೇಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಓಡಿಸಿ. ಬೆಂಗಳೂರಿನವರಿಗೆ ತುಮಕೂರು ರಸ್ತೆ ಇದೆ, ಸಿದ್ದಗಂಗೆಗೆ ಹೋಗಿ ಬಂದ ಹಾಗೂ ಆಯಿತು. ವಾಪಸ್ ಬಂದು ಮುಚ್ಚಳ ತೆಗೆದಾಗ ಒಳಗಡೆ ಲೋಳೆ ಕರಗಿ ಬರೀ ಆಯಿಲ್ ಪಸೆ ಇದ್ದರೆ ಉತ್ತರ ಸಿಕ್ಕಿತು.

ನಿಂತಲ್ಲೇ ಐಡ್ಲಿಂಗ್‌ನಲ್ಲಿ ಬಿಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಆಯಿಲ್ ಬೇಕಾದಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹೊತ್ತೂ ಹೊಸ ನೀರು, ಹೊಸ ಪೆಟ್ರೋಲ್ ಒಳಗೆ ಸೇರುತ್ತಲೇ ಇರುತ್ತದೆ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಮನೆಯೊಳಗಿಂದ ರಿಮೋಟ್‌ನಲ್ಲಿ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಡುವುದುಂಟು. ಸೀಟು ಬೆಚ್ಚಗಾಗಲು ಅದು ಸರಿ, ಆಯಿಲ್‌ಗೆ ಅದರಿಂದ ನಷ್ಟವೇ.

ಇಷ್ಟು ಓಡಿಸಿದರೂ ಲೋಳೆ ಮತ್ತೆ ಮತ್ತೆ ಬರುತ್ತಿದ್ದರೆ ಎರಡು ಸಾಮಾನುಗಳ ಮೇಲೆ ಅನುಮಾನ ಪಡಬೇಕು.

ಒಂದು, ಥರ್ಮೋಸ್ಟಾಟ್. ಇಂಜಿನ್ ಬೇಗ ಬಿಸಿಯಾಗಲಿ ಅಂತ ಶುರುವಿನಲ್ಲಿ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಇದೇ. ಸಾಮಾನ್ಯವಾಗಿ 82ರಿಂದ 90 ಡಿಗ್ರಿಯಲ್ಲಿ ತೆರೆದುಕೊಳ್ಳುತ್ತದೆ. ತೆರೆದೇ ಸಿಕ್ಕಿಕೊಂಡರೆ ಇಂಜಿನ್ ಎಷ್ಟು ಓಡಿದರೂ ತಣ್ಣಗೇ ಇರುತ್ತದೆ. ಹೈವೇಯಲ್ಲಿ ಮುಳ್ಳು ಕೆಳಗಿಳಿಯುವುದು, ಹೀಟರ್‌ನಲ್ಲಿ ಉಗುರುಬೆಚ್ಚಗಿನ ಗಾಳಿ ಬರುವುದು, ಸ್ಕ್ಯಾನರ್ ಹಾಕಿದರೆ ಪಿ0128 ಕೋಡ್ ತೋರಿಸುವುದು ಇದರ ಗುರುತು. ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ: "ನಮ್ಮೂರ್ ಬಿಸಿಲಿಗೆ ಇದು ಬೇಡ ಸಾರ್" ಅಂತ ಹೇಳಿ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕುವುದು. ಇಂಜಿನ್ ಬಿಸಿಯಾಗಬಾರದು ಅನ್ನುವ ಭಯಕ್ಕೆ ಮಾಡಿದ ಈ ಕೆಲಸದಿಂದ ಇಂಜಿನ್ ಬಿಸಿಯಾಗುವುದೇ ಇಲ್ಲ. ಇಸಿಯು, ಅಂದರೆ ಕಾರಿನ ಕಂಪ್ಯೂಟರ್, ಇಂಜಿನ್ ಇನ್ನೂ ತಣ್ಣಗಿದೆ ಅಂತ ತಿಳಿದು ಪೆಟ್ರೋಲ್ ಜಾಸ್ತಿ ಹಾಕುತ್ತಲೇ ಇರುತ್ತದೆ. ಮೈಲೇಜ್ ಹೋಯಿತು, ಆಯಿಲ್ ಕೂಡ ಹೋಯಿತು. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರು ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಒಮ್ಮೆ ನೋಡಿಸಿ.

ಎರಡು, ಪಿಸಿವಿ ವಾಲ್ವ್ ಮತ್ತು ಅದರ ಪೈಪು. ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಒಂದು ಗಟ್ಟಿ ಕಾಗದ ಇಡಿ. ಹೆಚ್ಚಿನ ಇಂಜಿನ್‌ಗಳಲ್ಲಿ ಕಾಗದ ಸ್ವಲ್ಪ ಒಳಕ್ಕೆ ಎಳೆದುಕೊಂಡು ನಿಲ್ಲಬೇಕು. ಜೋರಾಗಿ ಹೊರಕ್ಕೆ ತಳ್ಳಿದರೆ ಪಿಸಿವಿ ಕಟ್ಟಿಕೊಂಡಿದೆ, ಇಲ್ಲವೇ ರಿಂಗ್ ಸವೆದಿದೆ. ಮೈನಸ್ 20ರ ಕೆಳಗಿನ ಊರುಗಳಲ್ಲಿ ಈ ಪೈಪಿನೊಳಗಿನ ನೀರು ಐಸ್ ಆಗಿ ದಾರಿ ಮುಚ್ಚಬಹುದು. ಆಗ ಒಳಗಿನ ಒತ್ತಡಕ್ಕೆ ಡಿಪ್‌ಸ್ಟಿಕ್ ಮೇಲೆದ್ದು ಬರಬಹುದು, ಕ್ರ್ಯಾಂಕ್ ಸೀಲ್ ಕಿತ್ತು ಆಯಿಲ್ ಚೆಲ್ಲಬಹುದು. ತಳದಲ್ಲಿ ಸೇರಿದ ನೀರು ಹೆಪ್ಪುಗಟ್ಟಿ ಆಯಿಲ್ ಪಂಪಿನ ಜರಡಿಯನ್ನೇ ಮುಚ್ಚುವುದೂ ಉಂಟು. ಸ್ಟಾರ್ಟ್ ಆದ ಮೇಲೆ ಆಯಿಲ್ ಲೈಟ್ ಆರದಿದ್ದರೆ ಒಂದು ಕ್ಷಣವೂ ಯೋಚಿಸದೆ ಆಫ್ ಮಾಡಿ.

ಇವೆರಡೂ ಸರಿಯಿದ್ದರೆ ಮಾಡಬೇಕಾದ್ದು ಇಷ್ಟೇ: ವಾರಕ್ಕೊಮ್ಮೆ ಒಂದು ಉದ್ದನೆಯ ಓಟ, ಮತ್ತು ಕಿಲೋಮೀಟರ್ ನೋಡದೆ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಾವಣೆ. ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಅವಧಿ ಕೊಟ್ಟಿರುತ್ತಾರೆ. ದಿನಾ ಎರಡು ಮೂರು ಕಿಲೋಮೀಟರ್ ಓಡುವ ಕಾರು ಅದಕ್ಕೇ ಸೇರುತ್ತದೆ, ಎಷ್ಟೇ ಮೃದುವಾಗಿ ಓಡಿಸಿದರೂ.

ಪೆಟ್ರೋಲ್, ಡೀಸೆಲ್ ಸೇರುತ್ತಿದ್ದರೆ

ಚಳಿಯಲ್ಲಿ ಇಂಜಿನ್ ಹತ್ತಿಕೊಳ್ಳಲಿ ಅಂತ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಗೆ ಅದು ಅಂಟಿಕೊಂಡು ರಿಂಗ್ ದಾಟಿ ಕೆಳಗಿಳಿಯುತ್ತದೆ. ಸಿಲಿಂಡರ್ ಒಳಗೇ ನೇರ ಪೆಟ್ರೋಲ್ ಚಿಮ್ಮುವ ಟರ್ಬೊ ಇಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. 2018ರಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಇಂಜಿನ್ ಸುದ್ದಿಯಾಗಿದ್ದು ಇದೇ ಕಾರಣಕ್ಕೆ. ಉತ್ತರ ಚೀನಾದ ಚಳಿಯಲ್ಲಿ ಸಿಆರ್-ವಿ ಕಾರುಗಳ ಆಯಿಲ್ ಮಟ್ಟ ಏರಿ, ಅಲ್ಲಿ ಮಾರಾಟ ನಿಲ್ಲಿಸುವವರೆಗೂ ಹೋಯಿತು. ಅಮೆರಿಕದ ಚಳಿ ರಾಜ್ಯಗಳಲ್ಲೂ ಅದೇ ದೂರು ಬಂದು ಕಂಪನಿ ಸಾಫ್ಟ್‌ವೇರ್ ಬದಲಿಸಿತು, ವಾರಂಟಿಯನ್ನೂ ಹಿಗ್ಗಿಸಿತು. ಅಂದರೆ ಇದು ಮೆಕ್ಯಾನಿಕ್ ಹೇಳುವ ಕಟ್ಟುಕಥೆಯಲ್ಲ, ಹೊಸ ಕಾರಿಗೂ ಆಗುವಂಥದ್ದು.

ನಮ್ಮಲ್ಲಿ ಇದರ ದೊಡ್ಡ ರೂಪ ಬಿಎಸ್6 ಡೀಸೆಲ್ ಕಾರುಗಳಲ್ಲಿದೆ. 2020ರ ಏಪ್ರಿಲ್‌ನಿಂದ ಬಂದ ಈ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಬೇಕು. ಹಲವು ಇಂಜಿನ್‌ಗಳು ಅದನ್ನು ಸಿಲಿಂಡರ್ ಮೂಲಕವೇ, ಉರಿಯುವ ಹಂತ ದಾಟಿದ ಮೇಲೆ ಚಿಮ್ಮಿಸುತ್ತವೆ. ಸುಡುವಿಕೆ ನಡೆಯುತ್ತಿರುವಾಗಲೇ ನೀವು ಮನೆ ತಲುಪಿ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು, ಮುಂದಿನ ಸಲ ಮತ್ತೆ ಮೊದಲಿನಿಂದ ಡೀಸೆಲ್ ಚಿಮ್ಮುತ್ತದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಆಯಿಲ್‌ಗೆ. ಡೀಸೆಲ್ ಪೆಟ್ರೋಲ್‌ನಷ್ಟು ಸುಲಭವಾಗಿ ಆವಿಯಾಗಿ ಹೋಗುವುದೂ ಇಲ್ಲ. ಐಡ್ಲಿಂಗ್ ಒಂದೇ ಸಮ ಜಾಸ್ತಿಯಿದ್ದು, ಫ್ಯಾನ್ ಜೋರಾಗಿ ತಿರುಗುತ್ತಾ, ಸುಟ್ಟ ವಾಸನೆ ಬರುತ್ತಿದ್ದರೆ ಡಿಪಿಎಫ್ ಕೆಲಸದಲ್ಲಿದೆ ಅಂತ. ಇನ್ನೊಂದು ಸುತ್ತು ಹೋಗಿ ಬನ್ನಿ.

ಪೆಟ್ರೋಲ್ ಕಾರಿನಲ್ಲಿ ವಾಸನೆ ಇದ್ದು ಮಟ್ಟ ಮ್ಯಾಕ್ಸ್ ಒಳಗಿದ್ದರೆ ಉದ್ದನೆಯ ಓಟದಿಂದ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಮ್ಯಾಕ್ಸ್ ದಾಟಿದ್ದರೆ, ಪೆಟ್ರೋಲೋ ಡೀಸೆಲ್ಲೋ, ಆಯಿಲ್ ಮತ್ತು ಫಿಲ್ಟರ್ ಬದಲಿಸಿಯೇ ಓಡಿಸಿ. ತೆಳ್ಳಗಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಡೀಸೆಲ್‌ನಲ್ಲಿ ಇನ್ನೊಂದು ಅಪಾಯವಿದೆ. ಉಕ್ಕಿದ ಆಯಿಲ್ ಇನ್‌ಟೇಕ್‌ಗೆ ಹೋದರೆ ಇಂಜಿನ್ ಅದನ್ನೇ ಉರಿಸಿಕೊಂಡು ತಾನೇ ರೇಸ್ ಆಗಬಹುದು, ಕೀ ತೆಗೆದರೂ ನಿಲ್ಲುವುದಿಲ್ಲ. ಬದಲಿಸಿದ ಮೇಲೂ ಬೇಗನೆ ಮಟ್ಟ ಏರಿದರೆ ಇಂಜೆಕ್ಟರ್ ಸೋರಿಕೆ ಮತ್ತು ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಪರೀಕ್ಷೆ ಮಾಡಿಸಿ.

ಕೂಲೆಂಟ್ ಅನ್ನುವ ಅನುಮಾನ ಬಂದರೆ

ಇದು ನಿಜವಾಗಿಯೂ ಕೆಟ್ಟದ್ದು. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಉದ್ದನೆಯ ಓಟಕ್ಕೆ ಆವಿಯಾಗಿ ಹೋಗುವುದಿಲ್ಲ. ಆಯಿಲನ್ನು ಗಟ್ಟಿ ಕೆಸರು ಮಾಡಿ ಬೇರಿಂಗ್ ತಿನ್ನುತ್ತದೆ. ಅನುಮಾನ ಇದ್ದರೆ ಓಡಿಸಬೇಡಿ, ಟೋ ಮಾಡಿಸಿ.

ಚಳಿಯಲ್ಲಿ ಬಿಳಿ ಹೊಗೆ ನೋಡಿ ಹೆದರಬೇಡಿ. ಬೆಳಗ್ಗೆ ಎಲ್ಲ ಕಾರುಗಳ ಸೈಲೆನ್ಸರ್‌ನಿಂದಲೂ ಅದು ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದು ಸಿಹಿ ವಾಸನೆ ಇದ್ದರೆ ಆಗ ಯೋಚಿಸಿ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರ್‌ನ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ಡಬ್ಬದಲ್ಲಿ ನಿಲ್ಲದೆ ಗುಳ್ಳೆ ಬರುವುದು, ಇವು ಗ್ಯಾಸ್ಕೆಟ್ ಕಡೆ ಬೊಟ್ಟು ಮಾಡುತ್ತವೆ. ಹಳೆಯ ಕೆಲವು ಮೆಕ್ಯಾನಿಕ್‌ಗಳು ಕೂಲೆಂಟ್ ಹೌದೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ದಯವಿಟ್ಟು ಬೇಡ. ಎಥಿಲೀನ್ ಗ್ಲೈಕಾಲ್ ವಿಷ. ನೆಲಕ್ಕೆ ಚೆಲ್ಲಿದ್ದನ್ನೂ ತೊಳೆದುಬಿಡಿ, ಸಿಹಿ ಇರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ.

ಕೂಲೆಂಟ್‌ನಿಂದ ಆಯಿಲ್ ತಣ್ಣಗೆ ಮಾಡುವ ಆಯಿಲ್ ಕೂಲರ್ ಇರುವ ಕಾರುಗಳಲ್ಲಿ ಗ್ಯಾಸ್ಕೆಟ್ ಚೆನ್ನಾಗಿದ್ದೂ ಎರಡು ಬೆರೆಯಬಹುದು. ಓಡುವಾಗ ಆಯಿಲ್ ಒತ್ತಡ ಕೂಲೆಂಟ್‌ಗಿಂತ ಎಷ್ಟೋ ಜಾಸ್ತಿ, ಹಾಗಾಗಿ ಆಯಿಲ್ ಕೂಲೆಂಟ್‌ಗೆ ಹೋಗುತ್ತದೆ, ಡಬ್ಬದಲ್ಲಿ ಜಿಡ್ಡು ತೇಲುತ್ತದೆ. ಆಫ್ ಮಾಡಿದಾಗ ಆಯಿಲ್ ಒತ್ತಡ ಬಿದ್ದುಹೋಗುತ್ತದೆ, ಬಿಸಿ ಕೂಲೆಂಟ್‌ನ ಒತ್ತಡ ಇನ್ನೂ ಇರುತ್ತದೆ, ಆಗ ಕೂಲೆಂಟ್ ಆಯಿಲ್‌ಗೆ. ಡಬ್ಬದಲ್ಲಿ ತುಂಬಾ ಜಿಡ್ಡಿದ್ದು ಇಂಜಿನ್ ಅತಿಯಾಗಿ ಬಿಸಿಯೇರದಿದ್ದರೆ ಹೆಡ್ ಮುಟ್ಟುವ ಮುಂಚೆ ಕೂಲರ್ ನೋಡಿಸಿ, ಅದು ಅಗ್ಗದ ಕೆಲಸ.

ರೇಡಿಯೇಟರ್‌ಗೆ ಬರೀ ನಲ್ಲಿ ನೀರು ಹಾಕಿ ಬಳಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹುಬ್ಬಳ್ಳಿಯಲ್ಲಿ ನಡೆಯುತ್ತದೆ, ತುಕ್ಕು ಹಿಡಿಯುವುದೊಂದು ಬಿಟ್ಟರೆ. ಅದೇ ಕಾರನ್ನು ಚಳಿಗಾಲದಲ್ಲಿ ಮನಾಲಿಗೆ, ಸ್ಪಿತಿಗೆ ಒಯ್ದರೆ ರಾತ್ರಿ ನೀರು ಹೆಪ್ಪುಗಟ್ಟಿ ಹಿಗ್ಗಿ ಬ್ಲಾಕನ್ನೇ ಸೀಳಬಹುದು. ಆಮೇಲೆ ಆಯಿಲ್‌ನಲ್ಲಿ ನೀರು ಯಾಕೆ ಅಂತ ಹುಡುಕುವ ಅಗತ್ಯವೇ ಇರುವುದಿಲ್ಲ. ಕೂಲೆಂಟ್ ಮತ್ತು ಶುದ್ಧ ನೀರು ಅರ್ಧಕ್ಕರ್ಧ ಹಾಕಿದರೆ ಮೈನಸ್ 35ರ ಆಸುಪಾಸಿನವರೆಗೆ ಭಯವಿಲ್ಲ.

ಖಾತ್ರಿ ಮಾಡಿಕೊಳ್ಳಲು ಎರಡು ಪರೀಕ್ಷೆ

ಚಟಪಟ ಪರೀಕ್ಷೆ. ಅಡುಗೆಗೆ ಬಳಸದ ಹಳೆಯ ಕಬ್ಬಿಣದ ತವಾವನ್ನು ಹೊರಗಡೆ ಇಂಡಕ್ಷನ್ ಒಲೆಯ ಮೇಲೆ ಕಾಯಿಸಿ. ಗ್ಯಾಸ್ ಒಲೆ ಬೇಡ, ಹತ್ತಿರ ಬೆಂಕಿ ಇರಬಾರದು. ಆಯಿಲ್ ಹೊಗೆಯಾಡುವಷ್ಟು ಕಾಯಿಸಬೇಡಿ, ಸುಮಾರು 150 ಡಿಗ್ರಿ ಸಾಕು. ಮೊದಲು ಹೊಸ ಆಯಿಲ್‌ನ ಒಂದು ಹನಿ ಬಿಡಿ, ಸುಮ್ನೆ ಹರಡಿಕೊಳ್ಳುತ್ತದೆ. ಆಮೇಲೆ ಡಿಪ್‌ಸ್ಟಿಕ್ ಕೆಳತುದಿಯ ಹನಿ. ಗುಳ್ಳೆಯೆದ್ದು ಚಟಪಟ ಅಂದರೆ ನೀರಿದೆ, ನೂರಕ್ಕೆ 0.1 ಭಾಗದಷ್ಟಿದ್ದರೂ ಗೊತ್ತಾಗುತ್ತದೆ. ಕನ್ನಡಕ ಹಾಕಿಕೊಳ್ಳಿ. ಪೆಟ್ರೋಲ್ ವಾಸನೆ ಬರುವ ಆಯಿಲ್‌ಗೆ ಈ ಪರೀಕ್ಷೆ ಮಾಡಲೇಬೇಡಿ. ಒಂದು ಮಿತಿಯೂ ಇದೆ: ಆವಿಯ ನೀರೋ ಕೂಲೆಂಟೋ ಅಂತ ಇದು ಹೇಳುವುದಿಲ್ಲ.

ಡ್ರೈನ್ ಪರೀಕ್ಷೆ. ರಾತ್ರಿಯಿಡೀ ನಿಂತ ಕಾರಿನ ಚೇಂಬರ್ (ಇಂಜಿನ್ ಕೆಳಗೆ ಆಯಿಲ್ ಇರುವ ತೊಟ್ಟಿ) ತಳದಲ್ಲಿ ನೀರು ಬೇರೆಯಾಗಿ ಕೂತಿರಬಹುದು, ಅದು ಆಯಿಲ್‌ಗಿಂತ ಭಾರ. ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ಡ್ರೈನ್ ನಟ್ ನಿಧಾನವಾಗಿ ಸಡಿಲ ಮಾಡಿಸಿ, ಕೆಳಗೆ ಪಾರದರ್ಶಕ ಬಾಟಲಿ ಹಿಡಿಯಿರಿ. ಮೊದಲು ಬರುವ ಒಂದೆರಡು ಚಮಚ ನೋಡಿ. ಹಸಿರು, ಗುಲಾಬಿ ಬಣ್ಣದ ನೀರು ಬಂದರೆ ಇನ್ನು ಮಾತಿಲ್ಲ, ಕೂಲೆಂಟೇ. ಬರದಿದ್ದರೆ ಕೂಲೆಂಟ್ ಇಲ್ಲ ಅಂತ ಅಲ್ಲ, ಪೂರ್ತಿ ಬೆರೆತುಹೋಗಿರಬಹುದು. ಸೊನ್ನೆಗಿಂತ ಕೆಳಗಿನ ಊರಿನಲ್ಲಿ ತಳದ ನೀರು ಐಸ್ ಆಗಿರುತ್ತದೆ, ಅಲ್ಲಿ ಇದು ನಡೆಯುವುದಿಲ್ಲ. ವಿದೇಶದಲ್ಲಿರುವವರಿಗೆ ಲ್ಯಾಬ್‌ಗೆ ಅಂಚೆಯಲ್ಲಿ ಆಯಿಲ್ ಕಳಿಸುವ ಅನುಕೂಲ ಇದೆ. ವರದಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಮಾಮೂಲಿಗಿಂತ ಏರಿದ್ದರೆ ಕೂಲೆಂಟ್ ಮೇಲೆ ಅನುಮಾನ ಬಲವಾಗುತ್ತದೆ. ನೀರು ಆವಿಯಾಗಿ ಹೋಗಿದ್ದರೂ ಇವು ಆಯಿಲ್‌ನಲ್ಲೇ ಉಳಿಯುತ್ತವೆ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಮೊದಲ ದಿನದ ಮತ್ತು ಒಂದು ವಾರದ ನಂತರದ ಫೋಟೊಗಳನ್ನು ತೋರಿಸಿ. "ಅಣ್ಣಾ, ಹೆಡ್ ಬಿಚ್ಚೋ ಮುಂಚೆ ಕೂಲಿಂಗ್ ಪ್ರೆಶರ್ ಟೆಸ್ಟ್ ಮಾಡಿ, ಬ್ಲಾಕ್ ಟೆಸ್ಟ್ ಮಾಡಿ" ಅಂತ ಹೇಳಿ. ಮೊದಲನೆಯದರಲ್ಲಿ ತಣ್ಣನೆಯ ಇಂಜಿನ್‌ನ ರೇಡಿಯೇಟರ್‌ಗೆ ಪಂಪಿನಿಂದ ಒತ್ತಡ ಕೊಟ್ಟು ಮುಳ್ಳು ಬೀಳುತ್ತದೆಯೇ ನೋಡುತ್ತಾರೆ. ಎಷ್ಟು ಒತ್ತಡ ಅಂತ ರೇಡಿಯೇಟರ್ ಮುಚ್ಚಳದ ಮೇಲೇ ಬರೆದಿರುತ್ತದೆ, ಸುಮಾರು 1.1 ಬಾರ್ ಇರುವುದು ಸಾಮಾನ್ಯ. ಎರಡನೆಯದರಲ್ಲಿ ಡಬ್ಬದ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರ್ ಹೊಗೆ ಅದರಲ್ಲಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಬ್ಲಾಕ್ ಟೆಸ್ಟ್ ಸರಿ ಬಂದ ಮಾತ್ರಕ್ಕೆ ಗ್ಯಾಸ್ಕೆಟ್ ಪೂರ್ತಿ ಪಾಸ್ ಅಲ್ಲ. ಕೂಲೆಂಟ್ ದಾರಿ ಮತ್ತು ಆಯಿಲ್ ದಾರಿಯ ನಡುವೆ ಮಾತ್ರ ಒಡೆದಿದ್ದರೆ ಹೊಗೆ ಬರುವುದಿಲ್ಲ. ಅದಕ್ಕೇ ಎರಡನ್ನೂ ಕೇಳಬೇಕು.

ಕೊನೆಗೂ ಹೆಡ್ ಬಿಚ್ಚಲೇಬೇಕಾಗಿ ಬಂದರೆ ತೆಗೆದ ಗ್ಯಾಸ್ಕೆಟ್ ಕೈಗೆ ಕೊಡಿ ಅಂತ ಮೊದಲೇ ಹೇಳಿ, ಎಲ್ಲಿ ಒಡೆದಿದೆ ಅಂತ ತೋರಿಸಲಿ. ಹೆಡ್ ಸೊಟ್ಟಗಾಗಿದೆಯೇ ಅಂತ ಲೇತ್‌ನವರ ಹತ್ತಿರ ಅಳೆಸಿ, ಬೇಕಾದರೆ ಮಾತ್ರ ಫೇಸಿಂಗ್ (ಹೆಡ್‌ನ ಮೇಲ್ಮೈ ಸಮ ಮಾಡುವುದು). ಈಗಿನ ಹಲವು ಇಂಜಿನ್‌ಗಳ ಹೆಡ್ ಬೋಲ್ಟ್‌ಗಳು ಒಂದೇ ಸಲದ ಬಳಕೆಗೆ, ಹೊಸದನ್ನೇ ಹಾಕಿಸಿ. ಜೋಡಿಸಿದ ಮೇಲೆ ಒಳಗೆ ಸೀಮೆಎಣ್ಣೆ ಹಾಕಿ ತೊಳೆಯುತ್ತೇವೆ ಅಂದರೆ ಬೇಡ ಅನ್ನಿ. ಅಗ್ಗದ ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿಸಿ, ಸ್ವಲ್ಪ ದೂರ ಓಡಿಸಿ, ಎರಡನ್ನೂ ಬದಲಿಸಿ. ಡಿಪ್‌ಸ್ಟಿಕ್ ತುದಿಯಲ್ಲಿ ಮಬ್ಬು ಕಾಣದಿದ್ದರೆ ಆಗ ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಒಳ್ಳೆಯ ಆಯಿಲ್ ತುಂಬಿಸಿ.